ಕಿವಿಗೊಂದು ಹಗುರವಾದ ಮೆತ್ತೆ

ಮೆತ್ತೆಯಣ್ಣ ಹೋದ ಭಾನುವಾರ ಸಂಜೆ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಅರವತ್ತರ ಆಚೀಚೆ. ನಾನು ಆಗ ಅವನ ಮನೆಯಲ್ಲೇ ಇದ್ದೆ.

ಸೋಫಾ, ಕುರ್ಚಿ, ಬಸ್ಸಿನ ಸೀಟು, ಯಾವುದು ಕಿತ್ತುಹೋದರೂ ಹೊಸ ಬಟ್ಟೆ ಹಾಕಿ ಫೋಮ್ ತುಂಬಿ ಹೊಲಿದು ಕೊಡುವುದು ಅವನ ಕಸುಬು. ಅದಕ್ಕೇ ಆ ಹೆಸರು. ಅವನ ಅಂಗಡಿಗೆ ಹೋದರೆ ನಿಲ್ಲಲು ಬಿಡುತ್ತಿರಲಿಲ್ಲ. ಕೈಹಿಡಿದು ಯಾವುದಾದರೂ ಅರ್ಧಂಬರ್ಧ ಸೋಫಾದಲ್ಲಿ ಕೂರಿಸಿ ಊರ ಸುದ್ದಿ ತೆಗೆಯುತ್ತಿದ್ದ. ನಾವು ಮಾತಿಗೆ ಮೈಮರೆತರೆ ಸೋಫಾ ಪಾಸು. ಮಧ್ಯೆ ಒಮ್ಮೆ ಸೊಂಟ ಸರಿಸಿ ಕೂತೆವೋ, ಮಾತನ್ನು ಅಲ್ಲಿಗೇ ತುಂಡು ಮಾಡಿ, ನಮ್ಮನ್ನು ಎಬ್ಬಿಸಿ, ಸೀಟಿನ ಹೊಲಿಗೆ ಬಿಚ್ಚುತ್ತಿದ್ದ. ನನ್ನ ಸೊಂಟಕ್ಕೆ ಆ ಬೀದಿಯಲ್ಲಿ ಇಷ್ಟು ಬೆಲೆ ಇತ್ತೆಂದು ಈಗ ಅನ್ನಿಸುತ್ತಿದೆ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಅಂಗಡಿಯ ಹಿಂದೆ ಹತ್ತಿ ಹಿಂಜುವ ಯಂತ್ರದ ಪಕ್ಕ ವರ್ಷಗಟ್ಟಲೆ ಕೂತು ಅವರ ಕಿವಿ ಮಂದವಾಗಿತ್ತು. ಮನೆಯಲ್ಲಿ ರೇಡಿಯೋ ಇಟ್ಟರೆ ಇಡೀ ಓಣಿಗೆ ಕೇಳುವ ಹಾಗೆ ಇಡಬೇಕು. ಕೆಳಗೇ ವಾಸವಿದ್ದ ಮನೆಯೊಡತಿ ಒಂದೆರಡು ಸಲ ಸುಮ್ಮನಿದ್ದರು. ಮೂರನೆಯ ಸಲ ಮೆಟ್ಟಿಲು ಹತ್ತಿ ಬಂದು, ಇನ್ನೊಮ್ಮೆ ರೇಡಿಯೋ ಸದ್ದು ಕೇಳಿದರೆ ಮನೆ ಖಾಲಿ ಮಾಡಿ ಎಂದರು. ಅತ್ತಿಗೆ ರೇಡಿಯೋಗೆ ಬಟ್ಟೆ ಮುಚ್ಚಿ ಮೂಲೆಗಿಟ್ಟರು. ಜಗಳವಾಡಲಿಲ್ಲ. ಆದರೆ ಹಾಡು ನಿಂತ ಮೇಲೆ ಅವರ ಮಾತೂ ಕಡಿಮೆಯಾಯಿತು. ಸಂಜೆ ಮನೆಗೆ ಹೋದರೆ ಗೋಡೆ ನೋಡುತ್ತಾ ಕೂತಿರುತ್ತಾಳೆ ಕಣೋ ಎಂದು ಅವನು ಒಮ್ಮೆ ನನ್ನ ಹತ್ತಿರ ಹೇಳಿದ. ಆ ದಿನ ಅವನು ನನ್ನನ್ನು ಯಾವ ಸೋಫಾದಲ್ಲೂ ಕೂರಿಸಲಿಲ್ಲ.

ಕಿವಿಯೊಳಗೆ ಏನನ್ನೂ ತುರುಕಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಅವನು ಕಿವಿಯ ಮೇಲೆ ಕೂರುವ ದೊಡ್ಡ ಹೆಡ್‌ಫೋನ್ ತಂದ. ಅತ್ತಿಗೆಯ ಒಂದು ಕಿವಿಯ ಹಿಂದೆ ಹಳೆಯ ಆಪರೇಷನ್ನಿನ ಗಾಯದ ಗುರುತಿದೆ, ಜೊತೆಗೆ ಕನ್ನಡಕದ ಕಡ್ಡಿ ಬೇರೆ. ಒಂದು ಹಾಡು ಮುಗಿಯುವುದರೊಳಗೆ ನೋವಿಗೆ ಕಣ್ಣಲ್ಲಿ ನೀರು ಬಂತು. ತೆಗೆದಿಟ್ಟು, ನನಗೆ ಹಾಡು ಬೇಡ ಬಿಡಿ ಅಂದರಂತೆ.

ಮೆತ್ತೆಯಣ್ಣನಿಗೆ ಕೋಪ ಬಂದದ್ದೇ ಅಲ್ಲಿ. ಹೆಂಡತಿಯ ಮೇಲಲ್ಲ, ಹೆಡ್‌ಫೋನಿನ ಮೆತ್ತೆಯ ಮೇಲೆ. ಇದನ್ನು ಯಾರು ಹೊಲಿದದ್ದು, ಅವನನ್ನು ಇದರ ಮೇಲೇ ಕೂರಿಸಬೇಕು ಎಂದು ಕೂಗಾಡಿದ. ಮಾರನೆಯ ದಿನದಿಂದ ಸೋಫಾಗಳೆಲ್ಲ ಗೋಡೆಗೆ ಮುಖ ಮಾಡಿದವು. ಮೇಜಿನ ಮೇಲೆ ಬರೀ ಕಿವಿಯ ಕೆಲಸ.

ಸೋಫಾದವನಿಗೆ ಗೊತ್ತಿದ್ದದ್ದು ಒಂದೇ ದಾರಿ: ನೋವಾದರೆ ಇನ್ನಷ್ಟು ತುಂಬು. ಮೊದಲ ಜೋಡಿಗೆ ಕುರ್ಚಿಯ ಫೋಮ್ ಹಾಕಿದ. ಅದನ್ನು ಹಾಕಿಕೊಂಡ ನನ್ನನ್ನು ನೋಡಿ ಎದುರು ಅಂಗಡಿಯ ಕ್ಷೌರಿಕ, ತಲೆಗೆ ಎರಡೂ ಕಡೆ ಒಂದೊಂದು ತಲೆ ಬಂದಿದೆ, ಮೂರಕ್ಕೂ ಕಟಿಂಗ್ ಮಾಡಬೇಕಾ ಎಂದು ಕೇಳಿದ. ಮೆತ್ತಗಿತ್ತು, ಸುಳ್ಳು ಹೇಳಬಾರದು. ಆದರೆ ಹಾಡು ಮಾತ್ರ ಪಕ್ಕದ ಊರಿನಿಂದ ಬಂದ ಹಾಗೆ ಕೇಳುತ್ತಿತ್ತು. ಹಾಗೆಂದೆ. ಹತ್ತಿ ತುಂಬಿದ. ಹಾಡು ಇನ್ನೂ ದೂರ ಹೋಯಿತು. ಮೇಲೆ ವೆಲ್ವೆಟ್ ಹೊಲಿದ. ಈಗ ಹಾಡು ಸತ್ತೇ ಹೋಗಿದೆ ಎಂದೆ. ನಿನ್ನದು ಕಿವಿಯೋ ಮೊರವೋ ಎಂದು ನನಗೇ ಬೈದ. ಆಮೇಲೆ ತಾನೇ ಹಾಕಿಕೊಂಡು ಕೇಳಿದ. ಪೆಚ್ಚಾಗಿ ಕೂತ. ಕೂತವನು ಹೊಟ್ಟೆ ಹಿಡಿದು ನಗತೊಡಗಿದ.

"ಕಿವಿಗೆ ದಿಂಬು ಕೊಟ್ಟು ಮಲಗಿಸಿಬಿಟ್ಟಿದ್ದೀನಿ ಕಣೋ," ಎಂದ. "ಮಲಗಿದ ಕಿವಿಗೆ ಇನ್ನೇನು ಕೇಳುತ್ತೆ?"

ಅಂದಿನಿಂದ ತುಂಬುವವನು ತೆಗೆಯುವವನಾದ. ಸಂತೆಯ ಗಾಡಿಯಲ್ಲಿ ಜೇಬಿಗೆ ಮಡಚಿ ಹಾಕಿಕೊಳ್ಳುವಂಥ ಒಂದು ಪುಟ್ಟ ಹೆಡ್‌ಫೋನ್ ಸಿಕ್ಕಿತು. ತೆಳ್ಳನೆಯ ತಂತಿಯ ಪಟ್ಟಿ, ಬಿಲ್ಲೆಯಂಥ ಎರಡು ಸ್ಪೀಕರು, ಅಷ್ಟೇ. ಪಟ್ಟಿಯನ್ನು ಮೊಣಕಾಲಿಗಿಟ್ಟು ಬಗ್ಗಿಸಿ ಬಗ್ಗಿಸಿ ಹಿಡಿತ ಸಡಿಲ ಮಾಡಿದ. ಫೋಮನ್ನು ಬ್ಲೇಡಿನಿಂದ ಹೆರೆದು ಹೆರೆದು ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಮಾಡಿದ. ಗಾಯದ ಗುರುತಿರುವ ಕಡೆ ಫೋಮಿನ ಅಂಚನ್ನು ಅರ್ಧಚಂದ್ರದ ಹಾಗೆ ಕತ್ತರಿಸಿದ.

ಪರೀಕ್ಷೆಗೆ ಮತ್ತೆ ನನ್ನದೇ ತಲೆ. ಹಾಡು ಹಚ್ಚಿದರೆ, ಯಾರೋ ಪಕ್ಕದಲ್ಲೇ ಕೂತು ಭುಜಕ್ಕೆ ಭುಜ ತಾಗಿಸಿ ನನಗೊಬ್ಬನಿಗೇ ಹಾಡಿದ ಹಾಗೆ. ಆಮೇಲೆ ಹಾಡು ನಿಲ್ಲಿಸಿ ಊರ ಸುದ್ದಿ ತೆಗೆದ. ಮಾತು ಮುಗಿಸಿ ನಾನು ಮನೆಗೆ ಹೊರಟೆ. ತರಕಾರಿ ಕೊಂಡೆ, ಪರಿಚಯದವರಿಗೆಲ್ಲ ನಮಸ್ಕಾರ ಹೇಳಿದೆ. ಎಲ್ಲರೂ ನನ್ನ ಎದೆಯನ್ನೇ ನೋಡುತ್ತಿದ್ದರು. ಬಾಗಿಲು ತೆಗೆದ ನನ್ನ ತಂಗಿ, "ಅಣ್ಣಾ, ಈ ವೈರು ಎಲ್ಲಿಗೆ ಸಿಕ್ಕಿಸಬೇಕು?" ಎಂದಾಗಲೇ ತಲೆ ಮುಟ್ಟಿ ನೋಡಿಕೊಂಡದ್ದು. ಹಿಂದೆಯೇ ಮೆತ್ತೆಯಣ್ಣ ಬೀದಿಯಲ್ಲಿ ನಿಂತು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಅಂಗಡಿಯಿಂದ ಅಷ್ಟು ದೂರ ನನ್ನ ಬೆನ್ನು ಹತ್ತಿ ಬಂದಿದ್ದಾನೆ, ಒಂದು ಮಾತೂ ಆಡದೆ.

ಹೋದ ಭಾನುವಾರವೇ ಮಧ್ಯಾಹ್ನ ಅವನ ಮನೆಗೆ ಹೋದೆವು. ಅತ್ತಿಗೆ ಬೇಡವೆಂದರು. ನೋವಾದರೆ ಕಿತ್ತು ಬಿಸಾಡು, ನಾನೇ ಮೆಟ್ಟಿ ಪುಡಿ ಮಾಡುತ್ತೇನೆ ಎಂದು ಅವನೇ ಹಾಕಿದ. ಫೋನಿನಲ್ಲಿ ಅವರಿಗಿಷ್ಟವಾದ ಹಳೆಯ ಹಾಡು ಹಚ್ಚಿದ. ಅತ್ತಿಗೆ ನೋವಿಗಾಗಿ ಕಾಯುತ್ತಾ ಕಣ್ಣು ಮುಚ್ಚಿ ಕೂತರು. ಮುಖ ನಿಧಾನವಾಗಿ ಸಡಿಲವಾಯಿತು. ತುಟಿ ಅಲುಗಿತು. ಆಮೇಲೆ, ತಮ್ಮ ದನಿ ತಮಗೇ ಕೇಳಿಸದ ಕಾರಣ, ಗಂಟಲು ಬಿಟ್ಟು ಹಾಡತೊಡಗಿದರು. ರೇಡಿಯೋ ಅದರ ಮುಂದೆ ಪಿಸುಮಾತು. ಶ್ರುತಿ ಎತ್ತಲೋ ತಾಳ ಎತ್ತಲೋ. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮನೆಯೊಡತಿ ಬಾಗಿಲಲ್ಲಿ ನಿಂತು, ಹೇಳಿದ್ದು ಮರೆತುಹೋಯಿತಾ ಎಂದು ಕೇಳಿದರು.

"ರೇಡಿಯೋ ಹಚ್ಚೇ ಇಲ್ಲಮ್ಮ," ಎಂದ ಮೆತ್ತೆಯಣ್ಣ. "ಬೇಕಾದ್ರೆ ಬಟ್ಟೆ ತೆಗೆದು ನೋಡಿ."

ಅವರು ಮೂಲೆಯ ರೇಡಿಯೋ ನೋಡಿದರು. ಕಣ್ಣು ಮುಚ್ಚಿ ಹಾಡುತ್ತಿದ್ದ ಅತ್ತಿಗೆಯನ್ನು ನೋಡಿದರು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. "ಇದೊಂದು ಹಾಡು ಮುಗಿಸಲಿ," ಎಂದು ಹೊಸ್ತಿಲ ಮೇಲೇ ಕೂತರು.

ಹಾಡು ಮುಗಿಯುತ್ತಾ ಬಂತು. ಮೆತ್ತೆಯಣ್ಣ ಎದ್ದು ಹೆಂಡತಿಯ ಹಿಂದೆ ಹೋದ. ಕಿವಿಯ ಹಿಂದಿನ ಗುರುತಿಗೆ ಏನೂ ತಗುಲುತ್ತಿಲ್ಲ ತಾನೇ ಎಂದು ಬಗ್ಗಿ ನೋಡಿದ. ಮನೆಯೊಡತಿಗೆ ಕಾಣದ ಹಾಗೆ ಫೋನನ್ನು ಬೆನ್ನ ಹಿಂದೆ ಹಿಡಿದು ಇನ್ನೊಂದು ಹಾಡು ಹಚ್ಚಿದ.