ಮಂದಿ ಮುಂದಿನ ನಡಿಗೆ

ಬೆಟಗೇರಿಯ ದ್ರಾಕ್ಷಾಯಣಿಗೆ ಮನೆಯ ಕೈಮಗ್ಗದ ಮೇಲೆ ಎಷ್ಟು ಅಭಿಮಾನವೋ, ಅದರ ಕೆಳಗಿನ ಕುಣಿಯ ಮೇಲೆ ಅದಕ್ಕಿಂತ ಹೆಚ್ಚು. ಮಗಳು ಕಲ್ಪನಾ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತರೆ ಅವಳ ಸೋತ ಎಡಗಾಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನೇಯುವವರು ಎದ್ದು ನಿಲ್ಲದಿದ್ದರೆ ನೇಕಾರರ ಓಣಿಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಹಾಗಾಗಿ ಕನ್ಯೆ ನೋಡಲು ಬಂದವರಿಗೂ ಮಗಳನ್ನು ಅಲ್ಲೇ ತೋರಿಸುತ್ತಿದ್ದಳು.

"ಎಳಿ ಹರೀತಾವ್ರಿ, ನಡುವ ಏಳಾಕ ಬರಂಗಿಲ್ಲ," ಎನ್ನುತ್ತಿದ್ದಳು.

ಬಂದವರು ಮಗಳ ಕೈಕೆಲಸ ಹೊಗಳಿ, ಚಹಾ ಕುಡಿದು, ಹೋಗುವಾಗ ಓಣಿಯಲ್ಲಿ ವಿಚಾರಿಸಿ, ತಿರುಗಿ ಬರುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಇವಳೊಬ್ಬಳು ಕಾಯುತ್ತಿದ್ದಳು.

ಕುಣಿಯಿಂದ ಹೊರಗೆ ಬಂದಾಗ ಬೇರೆ ಉಪಾಯ. ಕಲ್ಪನಾ ಹೆಜ್ಜೆಗೊಮ್ಮೆ ಎಡತೊಡೆಯನ್ನು ಕೈಯಿಂದ ಒತ್ತಿಕೊಂಡೇ ನಡೆಯಬೇಕು. ಆ ಕೈ ನಿರಿಗೆ ಹಿಡಿದಂತೆ ಕಾಣುವ ಹಾಗೆ ತಾಯಿ ತಿದ್ದಿ ತಿದ್ದಿ ಕಲಿಸಿದ್ದಳು. ಬೀದಿಯಲ್ಲಿ ತಾನು ಮಗಳ ಎಡಮಗ್ಗುಲಿಗೇ ಮರೆಯಾಗಿ ನಡೆಯುತ್ತಿದ್ದಳು.

ಗಂಡನ ಕಣ್ಣು ಮಂಜಾಗಿ ನೇಯ್ಗೆ ಅರ್ಧಕ್ಕಿಳಿದಾಗ ನೆರೆಮನೆಯ ಸಾಬೀರಾ ಸುಮ್ಮನಿರಲಿಲ್ಲ. ಅವಳ ಮಗನಿಗೆ ಕಿವಿ ಕೇಳುವುದಿಲ್ಲ. ಅವನಿಗೆ ಸರ್ಕಾರದಿಂದ ಅಂಗವಿಕಲರ ಮಾಸಾಶನ ಬರುತ್ತದೆ.

"ಅದರಾಗ ನಾಚಿಕಿ ಯಾಕ ಅಕ್ಕಾ? ಶುಕ್ರವಾರ ಗದಗದಾಗ ಡಾಕ್ಟರ್ ನೋಡ್ತಾರ. ಸರ್ಟಿಫಿಕೇಟ್ ಮಾಡ್ಸು," ಎಂದಳು.

ದ್ರಾಕ್ಷಾಯಣಿ ಒಪ್ಪಿದಳು. ಆದರೆ ಹಳೇ ಬುದ್ಧಿ ಎಲ್ಲಿ ಹೋದೀತು? ತಪಾಸಣೆಗೆ ಹೊರಟ ಮಗಳಿಗೆ ಕನ್ಯೆ ನೋಡಲು ಬರುವ ದಿನದಂತೆ ಹೊಸ ಸೀರೆ ಉಡಿಸಿ, "ಜ್ವಾಕಿ, ಮಂದಿ ಇರ್ತಾರ," ಎಂದಳು.

ಮಂದಿ ಇದ್ದರು. ಕೋಣೆಗೆ ಪರದೆಯೂ ಇರಲಿಲ್ಲ, ಬಾಗಿಲಲ್ಲೇ ಸಾಲು. ಲೇಡಿ ಡಾಕ್ಟರ್ ನಡೆದು ತೋರಿಸು ಎಂದಾಗ ಕಲ್ಪನಾ ನಿರಿಗೆ ಹಿಡಿದು, ಮೆಲ್ಲಗೆ, ಮದುಮಗಳ ಹಾಗೆ ಗೋಡೆಯವರೆಗೆ ಹೋಗಿ ಬಂದಳು.

"ತ್ರಾಸ ಏನರ ಐತೇನವಾ?"

"ಏನಿಲ್ರಿ," ಎಂದಳು ಕಲ್ಪನಾ. ಅದೂ ತಾಯಿ ಕಲಿಸಿದ್ದೇ.

ಡಾಕ್ಟರ್ ದ್ರಾಕ್ಷಾಯಣಿಯ ಕಡೆ ತಿರುಗಿದರು. "ಚಲೋನ ನಡೀತಾಳಲ್ರಿ. ಊನ ನಲವತ್ತು ಪರ್ಸೆಂಟ್ ಆಗದಿದ್ರ ಮಾಸಾಶನ ಸಿಗಂಗಿಲ್ಲ."

ದ್ರಾಕ್ಷಾಯಣಿ ಬಾಗಿಲ ಕಡೆ ನೋಡಿದಳು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈ ಸಾಲಿನೆದುರು ತಾನೇ ಬಯಲು ಮಾಡಬೇಕಿತ್ತು. ಮಾಡದಿದ್ದರೆ ಬರಿಗೈಯಲ್ಲಿ ಮನೆಗೆ ಹೋಗಬೇಕು.

"ಇಕಿ ಹಂಗ ನಡಿಯಂಗಿಲ್ರಿ ಬಾಯಾರ," ಎಂದಳು, ತಲೆ ಎತ್ತದೆ. "ಇನ್ನೊಮ್ಮೆ ನಡಿ ಕಲ್ಪನಾ."

ಕಲ್ಪನಾ ನಿಂತಲ್ಲೇ ಕೇಳಿದಳು. "ಯಾವ ನಡಿಗಿ ಅವ್ವಾ? ಮಂದಿ ಮುಂದಿಂದೋ, ಮನಿಯೊಳಗಿಂದೋ?"

ಸಾಲಿನವರು ಒಳಗೆ ಇಣುಕಿದರು. ಮಗಳ ಮಾತಿನಲ್ಲಿ ಕುಹಕವಿರಲಿಲ್ಲ. ತಿಳಿಯದೆ ಕೇಳಿದ್ದಳು, ಅಷ್ಟೇ. ದ್ರಾಕ್ಷಾಯಣಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಗಳ ಕಾಲಿಗಾಗಿ ಜನ್ಮವಿಡೀ ನಾಚಿದವಳು ಮೊದಲ ಸಲ ತನಗಾಗಿ ನಾಚಿದಳು.

"ಮನಿಯೊಳಗಿಂದು," ಎಂದಳು.

ಕಲ್ಪನಾ ನಿರಿಗೆ ಬಿಟ್ಟು, ತೊಡೆಗೆ ಕೈ ಊರಿ, ಮೈ ಬಾಗಿಸುತ್ತ ಹೋಗಿ ಬಂದಳು. ಮೊದಲಿಗಿಂತ ಬಹಳ ಜಲ್ದಿ. ಡಾಕ್ಟರ್ ಅವಳನ್ನು ಕೂರಿಸಿ ಕಾಲು ಹಿಡಿದು ಸರಿಯಾಗಿ ಪರೀಕ್ಷಿಸಿದರು.

"ನಲವತ್ತರ ಮ್ಯಾಲೇ ಆಗ್ತೈತಿ," ಎಂದು ಬರೆದುಕೊಂಡರು.

ಆಟೋ ಹಿಡಿಯಲು ಹೊರಗೆ ನಡೆಯುವಾಗ ದ್ರಾಕ್ಷಾಯಣಿ ರೂಢಿಯಂತೆ ಮಗಳ ಎಡಕ್ಕೆ ಬಂದಳು. ಕಲ್ಪನಾ ಈಗಲೂ ತೊಡೆ ಒತ್ತಿಕೊಂಡೇ ನಡೆಯುತ್ತಿದ್ದಳು.

"ಆ ಕಡಿ ಬಾ ಅವ್ವಾ," ಎಂದಳು. "ಕೈಗೆ ಅಡ್ಡ ಆಗ್ತಿ. ಮೊದಲಿಂದಲೂ ಆಗ್ತಿದ್ದಿ."

ದ್ರಾಕ್ಷಾಯಣಿ ಬಲಕ್ಕೆ ಸರಿದಳು.