ಮಾರಮ್ಮನ ಹೊಸ್ತಿಲು ಕಲ್ಲು

ಹುಣಸಮಾರನಹಳ್ಳಿಯ ಆಂಜಿನಪ್ಪ ಕೂತಲ್ಲಿ ಕೂರುವ ಆಸಾಮಿಯಲ್ಲ. ಕಲ್ಲು ಒಡೆಯುವುದು ಬಿಟ್ಟು ಎಷ್ಟೋ ವರ್ಷವಾದರೂ ದಿನಾ ಬೆಳಿಗ್ಗೆ ಹಳೇ ಬಂಡೆಗೆ ಒಂದು ಸುತ್ತು ಹಾಕದಿದ್ದರೆ ಅವನಿಗೆ ಮುದ್ದೆ ಇಳಿಯುವುದಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಮಾರಮ್ಮನ ಗುಡಿಗೆ ಹೊಸ್ತಿಲು ಕಲ್ಲು ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಆ ಬಂಡೆಯ ಮೇಲೆಯೇ ಗೆರೆ ಎಳೆದು, ಅರಿಶಿನ ಹಚ್ಚಿ, ಬೆಣೆ ಹೊಡೆದರೆ ಸೀಳು ಗೆರೆ ಬಿಟ್ಟು ಕುಡುಗೋಲಿನ ಹಾಗೆ ತಿರುಗಿತು. ಗೆರೆ ಎಳೆದ ಮೇಲೆ ಯಾರೂ ದಾಟಬಾರದೆಂಬುದು ಕಲ್ಲು ಒಡೆಯುವವರ ಕಟ್ಟಳೆ. ಬುತ್ತಿ ತಂದ ಹೆಂಡತಿ ಗೋಪಾಲಮ್ಮ ಗೆರೆಯ ಆಚೆ ನಿಂತಿದ್ದಳು. ಅಷ್ಟೇ ಸಾಕಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವನು ಗುಡಿ ಮುಂದೆ ನಿಂತು, ಇವಳು ದಾಟಿದ್ದಕ್ಕೇ ಕಲ್ಲು ಕೆಟ್ಟಿತೆಂದು ಕೂಗಿದ. ಅಂದಿನಿಂದ ಆಕೆ ಮಾರಮ್ಮನಿಗೆ ಬೀದಿಯಿಂದಲೇ ಕೈ ಮುಗಿಯುತ್ತಾಳೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊನ್ನೆ ಮಂಗಳವಾರ ಶಿಲ್ಪ ಎಂಬ ಕಾಲೇಜು ಮೇಡಂ ತಮ್ಮ ವಿದ್ಯಾರ್ಥಿಗಳಿಗೆ ಆ ಬಂಡೆ ತೋರಿಸುತ್ತಿದ್ದರು. ಕಪ್ಪು ಬಿಳಿ ಪಟ್ಟೆಗಳು ಸೀರೆಯ ನೆರಿಗೆಯಂತೆ ಬಾಗಿದ್ದವು.

"ಇದು ಒಂದು ಕಾಲಕ್ಕೆ ಎಷ್ಟೋ ಮೈಲಿ ಆಳದಲ್ಲಿತ್ತು. ಎರಡೂ ಕಡೆಯಿಂದ ಒತ್ತಿದಾಗ ಮೇಲೆ ಬೆಟ್ಟ ಎದ್ದಿತು, ಕೆಳಗೆ ಕಾವಿಗೆ ಮೆತ್ತಗಾದ ಕಲ್ಲು ಒಡೀದೆ ಬಾಗಿತು. ಬೆಟ್ಟ ಸವೆದುಹೋಯ್ತು. ನಾವು ನಿಂತಿರೋದು ಅದರ ಬುಡದಲ್ಲಿ."

"ಇಂಗೆ ಬಾಗಿರೋದು ಒಳಗಿದ್ರೆ, ಬೆಣೆ ಹೊಡೆದಾಗ?" ಆಂಜಿನಪ್ಪ ನಡುವೆ ಬಾಯಿ ಹಾಕಿದ.

"ಸೀಳು ಪಟ್ಟೆ ಹಿಡಿದು ತಿರುಗುತ್ತೆ ಅಜ್ಜ. ಮೇಲಿಂದ ಗೊತ್ತಾಗಲ್ಲ."

ಗೋಪಾಲಮ್ಮ ಯಶವಂತಪುರದಲ್ಲಿದ್ದ ಮಗಳು ಧನಲಕ್ಷ್ಮಿಯ ಮನೆಗೆ ಹೋಗಿದ್ದಳು. ಸಂಜೆ ಬರುವವಳೇ. ಆದರೆ ಕಾಯುವುದು ಇವನ ಜಾಯಮಾನವೇ? ಬಸ್ಸು ಹತ್ತಿದ. ಹೆಬ್ಬಾಳದಲ್ಲಿ ಬಸ್ಸು ನಿಂತಿದ್ದಷ್ಟು ಹೊತ್ತೂ ಎದ್ದ, ಕೂತ, ಕಂಡಕ್ಟರನ ತಲೆ ತಿಂದ. ಆ ಹೊತ್ತಿಗೆ ಅವನಿಗೆ ನಾಚಿಕೆಯೂ ಆಗಿತ್ತು, ಭಯವೂ ಆಗಿತ್ತು.

ಗೋಪಾಲಮ್ಮ ಸೊಪ್ಪು ಸೋಸುತ್ತಿದ್ದಳು. ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳಿಸದಂತೆ, ಮೇಡಂ ಹೇಳಿದ್ದನ್ನೆಲ್ಲ ಹೇಳಿದ. "ನೀನು ದಾಟಿದ್ದಕ್ಕಲ್ಲ ಕಣೆ ಅದು ಕೆಟ್ಟಿದ್ದು."

"ನಾನು ದಾಟೇ ಇರ್ಲಿಲ್ಲ. ಸುತ್ತು ಹಾಕ್ಕೊಂಡು ಬಂದಿದ್ದೆ. ಅವತ್ತೇ ಅಂದೆ, ನೀನು ಕೇಳ್ದ್ಯಾ?"

ಆಂಜಿನಪ್ಪ ಅಡುಗೆಮನೆಯ ಕಡೆ ಕಳ್ಳನೋಟ ಬೀರಿದ.

"ಅವತ್ತು ಗುಡಿ ಮುಂದೆ ಕೂಗ್ದೆ," ಎಂದಳು ತಲೆ ಎತ್ತದೆ. "ಇವತ್ತು ಯಾಕೆ ಪಿಸಪಿಸ ಅಂತೀಯ?"

ಆಂಜಿನಪ್ಪ ಚಪ್ಪಲಿ ಮೆಟ್ಟಿದ. "ಇವತ್ತು ಮಂಗಳವಾರ. ಗುಡಿ ತಾವ ಜನ ಇರ್ತಾರೆ. ನಡಿ."

"ಸೊಪ್ಪು ಮುಗೀಲಿ."

ಮೂರು ಕಟ್ಟು ಸೊಪ್ಪಿತ್ತು. ಒಂದೊಂದೇ ಎಲೆ ಬಿಡಿಸಿದಳು. ಅದು ಮುಗಿಯುವವರೆಗೂ ಆಂಜಿನಪ್ಪ ಬಾಗಿಲಲ್ಲಿ ಕೂತೇ ಇದ್ದ.