ಉಪ್ಪುನೀರಿನ ಬಾಟಲಿ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂಬ ಮಾತು ಬಂದರೆ ಎದ್ದು ಆಚೆ ಹೋಗುತ್ತಿದ್ದವಳು ನಾನು. ಗುಬ್ಬಿಯ ನಮ್ಮ ಮನೆಯ ಜಗಲಿಯಲ್ಲಿ ಅಜ್ಜಿ ಅಂಥ ಕತೆ ಶುರುಮಾಡಿದರೆ, "ಕೆಮಿಸ್ಟ್ರಿ ಓದಿರೋಳಿಗೆ ಇದೆಲ್ಲ ಹೇಳ್ಬೇಡಜ್ಜಿ" ಎಂದು ರೇಗಿಸುತ್ತಿದ್ದೆ. "ಹೂಂ ಕಣೇ, ನಿಂಗಾಗೋವರ್ಗೂ ಎಲ್ಲಾ ಸುಳ್ಳೇ ಬುಡು" ಎಂದು ಅಜ್ಜಿ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ತುಮಕೂರಿನಲ್ಲಿ ಪೊಲೀಸ್ ಕೇಸುಗಳ ವಿಷಪರೀಕ್ಷೆ ಮಾಡುವ ಲ್ಯಾಬಿಗೆ ಹೊಸದಾಗಿ ಸೇರಿದ್ದೆ. ಸಾವಿನ ಬಗ್ಗೆ ಅನುಮಾನವಿದ್ದರೆ, ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರು ಹೊಟ್ಟೆ, ಲಿವರಿನ ಭಾಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿಟ್ಟು, ಅರಗಿನ ಸೀಲು ಒತ್ತಿ ನಮಗೆ ಕಳಿಸುತ್ತಾರೆ. ಜೊತೆಗೆ ಇನ್ನೊಂದು ಬಾಟಲಿಯಲ್ಲಿ ಬರೀ ಅದೇ ಉಪ್ಪುನೀರು. ವಿಷ ಉಪ್ಪಿನಲ್ಲೇ ಇತ್ತೇನೋ ಎಂದು ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡಲು ಅದು. ಅದರಲ್ಲಿ ದೇಹದ್ದು ಏನೇನೂ ಇರುವುದಿಲ್ಲ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆ ದಿನ ನನ್ನ ಮೇಜಿಗೆ ಬಂದದ್ದು ಕುಣಿಗಲ್ ಕಡೆಯ ಕೇಸು. ಹುತ್ರಿದುರ್ಗದ ತಪ್ಪಲಿನ ಊರಿಗೆ ಕೊಟ್ಟಿದ್ದ ಹೆಣ್ಣುಮಗಳು, ಹೆಸರು ಶೋಭಾ, ಹೆಚ್ಚೂಕಡಿಮೆ ನನ್ನದೇ ವಯಸ್ಸು. ಜ್ವರ ಬಂದು ಬೆಳಗ್ಗೆಯಿಂದ ಮಲಗಿದ್ದವಳು ಏಳಲೇ ಇಲ್ಲ ಎಂದು ಗಂಡನ ಮನೆಯವರ ಹೇಳಿಕೆ. ವಿಷ ಹಾಕಿದ್ದಾರೆ ಎಂದು ತಾಯಿಯ ದೂರು. ಮೈಮೇಲೆ ಗಾಯವಿರಲಿಲ್ಲ. ಸಾವಿನ ಕಾರಣವನ್ನು ನಮ್ಮ ವರದಿ ಬಂದ ಮೇಲೆ ಹೇಳುತ್ತೇನೆ ಎಂದು ಡಾಕ್ಟರು ಬರೆದಿದ್ದರು.

ಬಾಟಲಿ ತೆರೆದ ಕೂಡಲೇ ಕೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡುವುದು ನಮ್ಮಲ್ಲಿ ರೂಢಿ. ಬೆಳೆಗೆ ಹೊಡೆಯುವ ಔಷಧಿಯಾದರೆ ಎಷ್ಟೋ ಸಲ ಮೆಷೀನಿಗಿಂತ ಮೊದಲು ಮೂಗೇ ಹೇಳಿಬಿಡುತ್ತದೆ. ದೇಹದ ಭಾಗಗಳಿದ್ದ ಬಾಟಲಿಗಳಲ್ಲಿ ಇರಬೇಕಾದ ವಾಸನೆಯೇ ಇತ್ತು. ಕೊನೆಗೆ ಬರೀ ಉಪ್ಪುನೀರಿನದನ್ನು ತೆರೆದೆ.

ಚಟ್ನಿಪುಡಿಗೆಂದು ಹುಚ್ಚೆಳ್ಳು ಹುರಿಯುವ ವಾಸನೆ. ಬಾಣಲೆಯಲ್ಲಿ ಚಿಟಪಟ ಅನ್ನುತ್ತಾ, ಇನ್ನೊಂದು ಗಳಿಗೆ ಬಿಟ್ಟರೆ ಸೀದುಹೋಗುತ್ತದೆ ಅನ್ನುವಾಗ ಬರುತ್ತದಲ್ಲ, ಅದು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಸೀನಿಯರ್ ಸಿದ್ದಲಿಂಗಪ್ಪನವರನ್ನು ಕರೆದೆ. ಅವರು ಮೂಸಿ ನೋಡಿ, "ಉಪ್ಪು. ಇನ್ನೇನ್ ಬರ್ಬೇಕಿತ್ತು?" ಎಂದರು. ನಾನು ಹೇಳಿದ್ದು ಕೇಳಿ ನಕ್ಕುಬಿಟ್ಟರು. "ಹೊಟ್ಟೆ ಹಸ್ದದೆ ಕಣಮ್ಮ ನಿಂಗೆ. ಹೋಗಿ ಡಬ್ಬಿ ಬಿಚ್ಚು. ಚಟ್ನಿಪುಡಿ ತಂದಿದ್ರೆ ನಂಗೂ ಒಂಚೂರು ಎತ್ತಿಡು."

ನಾನು ತಂದಿದ್ದದ್ದು ಮೊಸರನ್ನ. ಉಂಡು ಬಂದು ನೋಡಿದರೂ ವಾಸನೆ ಹಾಗೇ ಇತ್ತು. ಸೀಲು ಸರಿಯಿತ್ತು, ಬಾಟಲಿ ಅದಲುಬದಲಾಗಿರಲಿಲ್ಲ. ಪರೀಕ್ಷೆ ಮಾಡಿದರೆ ಅದರಲ್ಲಿದ್ದದ್ದು ಉಪ್ಪು ಮತ್ತು ನೀರು. ಉಳಿದ ಬಾಟಲಿಗಳಲ್ಲೂ ನಮಗೆ ಪತ್ತೆಹಚ್ಚಲು ಬರುವ ಯಾವ ವಿಷವೂ ಸಿಗಲಿಲ್ಲ. ಸಿಗಲಿಲ್ಲ ಎಂದೇ ವರದಿ ಹೋಯಿತು.

ವರದಿ ಹೋದ ಮಾರನೆಯ ದಿನ ಸಂಜೆ ಲ್ಯಾಬಿನ ಎದುರಿನ ಬಸ್‌ಸ್ಟಾಪಿನಲ್ಲಿ ಕೂತಿದ್ದೆ. ನಮ್ಮ ಗೇಟಿನಲ್ಲಿ ಏನೋ ಕೇಳಿ ಬೈಸಿಕೊಂಡ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ಕೂತರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಬಸ್ಸಿಗೆ ಕಾಯುವವರು ಮಾತಾಡುವ ಹಾಗೆ ಮಾತಾಡಿದರು. "ಸ್ಟೇಷನ್ನೋರು ಲ್ಯಾಬಲ್ಲಿ ಕೇಳು ಅಂತಾರೆ, ಇವ್ರು ಸ್ಟೇಷನ್ನಲ್ಲಿ ಕೇಳು ಅಂತಾರೆ. ನಾನೇನ್ ಚೆಂಡೇನವ್ವ, ಅತ್ಲಾಗಿಂದ ಇತ್ಲಾಗೆ ಒದೆಯೋಕೆ?"

ಆಮೇಲೆ ಮಗಳ ಹೆಸರು ಹೇಳಿದರು. ಶೋಭಾ.

"ಜ್ವರ ಬಂದು ಬೆಳಗ್ಗಿಂದ ಮಲ್ಗಿದ್ಲಂತೆ! ಮಧ್ಯಾಹ್ನ ನಾನೇ ಫೋನ್ ಮಾಡಿದ್ದೆ ಕಣವ್ವ. 'ಹುಚ್ಚೆಳ್ಳು ಒಲೆ ಮೇಲೈತಮ್ಮ, ಸೀದೋಯ್ತದೆ, ಆಮೇಲ್ ಮಾಡ್ತೀನಿ' ಅಂದ್ಲು. ಮಾಡ್ಲೇ ಇಲ್ಲ. ನಾವೋಗೋ ಹೊತ್ಗೆ ಬಾಂಡ್ಲಿ ತೊಳ್ದು ಬೋರಲಾಕಿದ್ರು. ಪೊಲೀಸ್ನೋರು, ಮಲ್ಗಿಕೊಂಡೂ ಮಾತಾಡ್ಬೋದಲ್ಲಮ್ಮ ಅಂತಾರೆ."

ಕೇಸಿನವರ ಜೊತೆ ನಾವು ಮಾತಾಡುವಂತಿಲ್ಲ, ಅದು ನಿಯಮ. ನಿಯಮ ಇಲ್ಲದಿದ್ದರೂ ಏನು ಹೇಳಲಿ? ವಿಷ ಸಿಗಲಿಲ್ಲ ಎಂಬ ನಮ್ಮ ಮಾತು ಆ ಮನೆಯವರಿಗೇ ಆಸರೆಯಾಗುತ್ತದೆ ಎನ್ನಲೇ? ನಿಮ್ಮ ಮಗಳು ಎದ್ದಿದ್ದಳು, ಹುರಿಯುತ್ತಿದ್ದಳು, ನನಗೊಬ್ಬಳಿಗೆ ವಾಸನೆ ಬಂತು ಎನ್ನಲೇ? ಅದನ್ನು ಯಾವ ಕೋರ್ಟು ಕೇಳುತ್ತದೆ? ಚೀಲದಲ್ಲಿದ್ದ ನೀರಿನ ಬಾಟಲಿ ಕೊಟ್ಟೆ. ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

ಕುಣಿಗಲ್ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿದರು. "ಓದ್ದೋಳ ತರ ಕಾಣ್ತೀಯ, ನೀನೇ ಹೇಳು ಮಗ. ಒಲೆ ಮೇಲೆ ಹುಚ್ಚೆಳ್ಳು ಇಟ್ಟೋಳು ಹೋಗಿ ಮಲಗ್ತಾಳಾ?"

"ಒಳಕ್ಕೋಗಮ್ಮೋ, ನೇತಾಡ್ಬೇಡ" ಎಂದು ಕಂಡಕ್ಟರ್ ಕೂಗಿದ. ಬಸ್ಸು ಹೊರಟಿತು.

ಇನ್ನೂ ಅದೇ ಕೆಲಸದಲ್ಲಿದ್ದೇನೆ. ಅಂಥ ಉಪ್ಪುನೀರಿನ ಬಾಟಲಿಗಳನ್ನು ಎಷ್ಟು ತೆರೆದಿದ್ದೇನೋ. ಬರೀ ಉಪ್ಪು. ಮನೆಯಲ್ಲಿ ಅಮ್ಮ ಹುಚ್ಚೆಳ್ಳು ಹುರಿಯುವಾಗ ಫೋನ್ ಬಂದರೆ ಮಾತ್ರ ನಾನೇ ಓಡಿಹೋಗಿ ಬಾಣಲೆ ಇಳಿಸುತ್ತೇನೆ. "ಮೊದ್ಲು ಮಾತಾಡಮ್ಮ" ಅನ್ನುತ್ತೇನೆ. ಯಾಕೇ ಹಿಂಗಾಡ್ತೀಯ ಎಂದು ಅವಳು ಕೇಳುತ್ತಾಳೆ. ನಾನು ಫೋನನ್ನು ಅವಳ ಕೈಗಿಡುತ್ತೇನೆ.